'ಅದು ಬಂತು' ಎನ್ನುವ ಸಹೋದ್ಯೋಗಿ, 'ಇನ್ನೂ ಬಂದಿಲ್ಲ' ಎನ್ನುವ ಅಮ್ಮ

ಪ್ರಶ್ನೆ: ನನಗೆ 27 ವರ್ಷ. ಹುಟ್ಟಿದಾಗ ನನ್ನನ್ನು ಹೆಣ್ಣೆಂದು ದಾಖಲಿಸಿದರು. ನಾನು ಗಂಡು ಎಂಬುದು ನನಗೆ ಬುದ್ಧಿ ಬಂದಾಗಿನಿಂದಲೂ ಗೊತ್ತು. ಎರಡು ವರ್ಷಗಳ ಹಿಂದೆ ಹೆಸರು ಬದಲಿಸಿಕೊಂಡೆ, ಕಚೇರಿಯ ದಾಖಲೆಗಳಲ್ಲೂ ಹೊಸ ಹೆಸರೇ ಇದೆ. ಆದರೂ ನಾನು ಒಳಗೆ ಕಾಲಿಡುವಾಗ ಒಬ್ಬ ಸಹೋದ್ಯೋಗಿ ಪಕ್ಕದವರಿಗೆ 'ಅದು ಬಂತು ನೋಡು' ಎಂದದ್ದು ಮೂರು ಬಾರಿ ನನ್ನ ಕಿವಿಗೇ ಬಿದ್ದಿದೆ. ಸುತ್ತಲಿನವರು ನಗುತ್ತಾರೆ, ಇಲ್ಲವೇ ಕಂಪ್ಯೂಟರಿನೊಳಗೆ ಮುಖ ಹುದುಗಿಸುತ್ತಾರೆ. ಉಳಿದವರು ನನ್ನನ್ನು 'ಅವರು' ಎನ್ನುತ್ತಾರೆ, ನನ್ನದೇ ವಯಸ್ಸಿನ ಬೇರೆ ಹುಡುಗರನ್ನು 'ಅವನು' ಎನ್ನುತ್ತಾರೆ. ಮನೆಯಲ್ಲಿ ಅಪ್ಪ ಈಗಲೂ ಹಳೆಯ ಹೆಸರು ಹಿಡಿದು 'ಅವಳು' ಎನ್ನುತ್ತಾರೆ. ಅಮ್ಮ ಇನ್ನೂ ವಿಚಿತ್ರ. ನನ್ನ ಹೆಸರನ್ನೂ ಹೇಳುವುದಿಲ್ಲ, ಅವನು ಎಂದೂ ಅವಳು ಎಂದೂ ಹೇಳುವುದಿಲ್ಲ. ಫೋನಿನಲ್ಲಿ ಯಾರಾದರೂ ನನ್ನನ್ನು ಕೇಳಿದರೆ 'ಇನ್ನೂ ಬಂದಿಲ್ಲ, ಬಂದ ಮೇಲೆ ಹೇಳ್ತೀನಿ' ಎಂದಷ್ಟೇ ಹೇಳುತ್ತಾಳೆ. ನಾನು ಇದ್ದೂ ಇಲ್ಲದ ಹಾಗೆ. ಅಕ್ಕನ ಬಳಿ ಹೇಳಿಕೊಂಡರೆ, 'ಮಗುವಾಗಿದ್ದಾಗ ನಿನ್ನನ್ನು ಎಲ್ಲರೂ ಅದು ಅಂತಲೇ ಅಂದದ್ದು, ಆಗ ಇಲ್ಲದ ನೋವು ಈಗೇಕೆ, ಮನೋವೈದ್ಯರ ಹತ್ತಿರ ಹೋಗಿ ಸರಿಮಾಡಿಕೋ' ಎಂದಳು. ಕೆಲಸ ಬಿಡಬೇಕೆನಿಸುತ್ತದೆ, ಮನೆಯನ್ನೂ ಬಿಡಬೇಕೆನಿಸುತ್ತದೆ. ಎರಡಕ್ಷರದ ಪದಕ್ಕೆ ಇಷ್ಟು ನೋಯುವುದು ನನ್ನ ದೌರ್ಬಲ್ಯವೇ?

ಉತ್ತರ: ದೌರ್ಬಲ್ಯವಲ್ಲ. ಕನ್ನಡವನ್ನು ಚೆನ್ನಾಗಿ ಬಲ್ಲ ಯಾರಿಗಾದರೂ ಆ ಎರಡಕ್ಷರ ತಾಗಲೇಬೇಕಾದ ಜಾಗಕ್ಕೇ ತಾಗಿದೆ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಕಾರಣ ನಮ್ಮ ವ್ಯಾಕರಣದಲ್ಲಿಯೇ ಇದೆ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ 'ದಾರ' ಪುಲ್ಲಿಂಗ, ಅದೇ ಅರ್ಥದ 'ಕಲತ್ರ' ನಪುಂಸಕಲಿಂಗ. ಹಿಂದಿಯಲ್ಲಿ ಕುರ್ಚಿಯೂ ಪುಸ್ತಕವೂ ಸ್ತ್ರೀಲಿಂಗ. ಅಲ್ಲಿ ಲಿಂಗವೆಂಬುದು ಪದಕ್ಕೆ ಅಂಟಿಕೊಂಡು ಬಂದದ್ದು, ಆದ್ದರಿಂದ ಕುರ್ಚಿಯನ್ನು ಯಾರೂ ಹೆಂಗಸೆಂದು ತಿಳಿಯುವುದಿಲ್ಲ. ಕನ್ನಡದ ದಾರಿ ಬೇರೆ. ನಮ್ಮಲ್ಲಿ ಲಿಂಗವು ಪದದ ರೂಪವನ್ನು ನೋಡುವುದಿಲ್ಲ, ಅರ್ಥವನ್ನು ನೋಡುತ್ತದೆ: ಗಂಡಸಾದರೆ ಅವನು, ಹೆಂಗಸಾದರೆ ಅವಳು, ಕಲ್ಲು, ಮರ, ದನ, ಮೇಜು ಮುಂತಾದ ಉಳಿದೆಲ್ಲವೂ ಅದು. ಹಾಗಾಗಿ ಬೆಳೆದು ನಿಂತ ಮನುಷ್ಯನೊಬ್ಬನನ್ನು 'ಅದು' ಎಂದವನು ಸರ್ವನಾಮವನ್ನು ತಪ್ಪಾಗಿ ಆರಿಸಿಕೊಂಡಿಲ್ಲ, ನೀವು ಮನುಷ್ಯರ ಸಾಲಿನಲ್ಲಿಲ್ಲ ಎಂದು ತೀರ್ಪು ಕೊಟ್ಟಿದ್ದಾನೆ. ಸಾಲದ್ದಕ್ಕೆ ನಮ್ಮ ಕ್ರಿಯಾಪದವೂ ಅದೇ ತೀರ್ಪನ್ನು ಮತ್ತೊಮ್ಮೆ ಓದಿ ಹೇಳುತ್ತದೆ: ಬಂದ, ಬಂದಳು, ಬಂತು. ಸರ್ವನಾಮವನ್ನು ನುಂಗಿಕೊಂಡರೂ ವಾಕ್ಯದ ಬಾಲ ಬಿಡುವುದಿಲ್ಲ.

ನಿಮ್ಮ ಅಕ್ಕನ ವಾದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ, ಏಕೆಂದರೆ ಅವರು ಹೇಳಿದ ಸಂಗತಿ ನಿಜವೇ. 'ಮಗು ಅಳುತ್ತಿದೆ, ಅದಕ್ಕೆ ಹಸಿವಾಗಿದೆ' ಎಂದು ನಾವೆಲ್ಲರೂ ಮುದ್ದಿನಿಂದಲೇ ಹೇಳುತ್ತೇವೆ. ಹವ್ಯಕ ಕನ್ನಡದಂಥ ಆಡುನುಡಿಗಳಲ್ಲಿ ಹೆಂಗಸರನ್ನೂ 'ಅದು' ಎನ್ನುವ ವಾಡಿಕೆಯಿದೆ, ಅಲ್ಲಿ ಯಾರೂ ಅದನ್ನು ಅವಮಾನವೆಂದು ಭಾವಿಸುವುದಿಲ್ಲ. ಆದರೆ ಎರಡೂ ಕಡೆ ಆ ಪದ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಲ್ಲುತ್ತದೆ ಎಂಬುದನ್ನು ಗಮನಿಸಿ. ಎಲ್ಲ ಮಕ್ಕಳೂ ಅದು, ಆ ನುಡಿಯಲ್ಲಿ ಎಲ್ಲ ಹೆಂಗಸರೂ ಅದು. ಮಗುವಿನ ವಿಷಯದಲ್ಲಂತೂ ಭಾಷೆ ಇನ್ನೂ ಕೇಳಿಯೇ ಇಲ್ಲದ ಪ್ರಶ್ನೆಯೊಂದನ್ನು ಬದಿಗಿಟ್ಟು ಕಾಯುತ್ತಿರುತ್ತದೆ, ಅಷ್ಟೆ. ನಿಮ್ಮ ಕಚೇರಿಯ ವ್ಯಕ್ತಿ ತನ್ನ ಸುತ್ತಲಿನ ಎಲ್ಲರನ್ನೂ ಅವನು, ಅವಳು, ಅವರು ಎಂದು ಸರಿಯಾಗಿಯೇ ಗುರುತಿಸಿ, ನಿಮ್ಮೊಬ್ಬರ ಬಳಿಗೆ ಬಂದಾಗ ಮಾತ್ರ ನೆರೆದವರಿಗೆ ಕೇಳಿಸುವಂತೆ 'ಅದು' ಎನ್ನುತ್ತಾನೆ. ಒಬ್ಬರಿಗಷ್ಟೇ ಮೀಸಲಾದ ವ್ಯಾಕರಣ ವ್ಯಾಕರಣವಲ್ಲ.

ಮನೋವೈದ್ಯರ ವಿಚಾರ ಚಿಕ್ಕದು, ಬೇಗ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿಯು 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದು ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ. ನೀವು ಗಂಡಾಗಿರುವುದರಲ್ಲಿ ಸರಿಮಾಡಬೇಕಾದದ್ದು ಏನೂ ಇಲ್ಲ. ಆದರೆ ಈ ಅವಮಾನದಿಂದ ನಿದ್ದೆ ಕೆಟ್ಟಿದ್ದರೆ ಅಥವಾ ಬದುಕೇ ಬೇಡವೆನಿಸುವ ಯೋಚನೆ ಸುಳಿದಿದ್ದರೆ, ತಡಮಾಡದೆ ಆಪ್ತ ಸಮಾಲೋಚಕರನ್ನೋ ವೈದ್ಯರನ್ನೋ ಕಾಣಿರಿ. ಅಲ್ಲಿಗೆ ಹೋಗುವುದು ನೋವಿಗೆ ಆಸರೆ ಹುಡುಕಲಿಕ್ಕೆ, ನಿಮ್ಮನ್ನು ತಿದ್ದಿಸಿಕೊಳ್ಳಲಿಕ್ಕೆ ಅಲ್ಲ.

ಇನ್ನು ಮುಖ್ಯ ಮಾತು. ನೀವು ಪತ್ರದಲ್ಲಿ ನಾಲ್ಕು ಬಗೆಯ ಮಾತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ: ಸಹೋದ್ಯೋಗಿಯ 'ಅದು', ಉಳಿದವರ 'ಅವರು', ಅಪ್ಪನ 'ಅವಳು', ಅಮ್ಮನ ಮೌನ. ನಾಲ್ಕೂ ನೋಯಿಸುತ್ತವೆ ನಿಜ, ಆದರೆ ನಾಲ್ಕರ ಹಿಂದೆಯೂ ಇರುವುದು ಒಂದೇ ಮನಸ್ಸಲ್ಲ. ಎಲ್ಲಕ್ಕೂ ಒಂದೇ ಉತ್ತರವೆಂದು ಕೆಲಸವನ್ನೂ ಮನೆಯನ್ನೂ ಒಟ್ಟಿಗೆ ಬಿಟ್ಟು ಹೊರಟರೆ, ನಿಮಗೆ ಬೇಕಾದ ಒಬ್ಬರನ್ನಾದರೂ ಅನ್ಯಾಯವಾಗಿ ಕಳೆದುಕೊಳ್ಳುತ್ತೀರಿ ಎಂಬ ಭಯ ನನಗಿದೆ.

ಕಚೇರಿಯ 'ಅದು' ಎಂಬುದನ್ನು ಬಾಯ್ತಪ್ಪು ಎಂದು ಕ್ಷಮಿಸುವ ಅಗತ್ಯ ನಿಮಗಿಲ್ಲ. ಹಳೆಯ ರೂಢಿಯಿಂದ ಬರುವ ತಪ್ಪು ಹಳೆಯ ಪದದ ಕಡೆಗೇ ಜಾರುತ್ತದೆ. ನಿಮ್ಮನ್ನು ಹಿಂದೆ ಯಾರೂ ಕಚೇರಿಯಲ್ಲಿ 'ಅದು' ಎಂದಿರಲಿಲ್ಲವಾದ್ದರಿಂದ ಆತ ಈ ಪದವನ್ನು ಹುಡುಕಿಕೊಂಡು ಹೋಗಿಯೇ ತಂದಿದ್ದಾನೆ. ಅಲ್ಲೇ ನಿಂತು ಜಗಳವಾಡಿದರೆ ಆಮೇಲೆ ಚರ್ಚೆಯೆಲ್ಲ ನಿಮ್ಮ ಸಿಟ್ಟಿನ ಸುತ್ತಲೇ ನಡೆಯುತ್ತದೆ, ಅವನ ಮಾತು ಹಿಂದೆ ಸರಿಯುತ್ತದೆ. ಆದ್ದರಿಂದ ಮೂರೂ ಬಾರಿಯ ದಿನಾಂಕ, ಜಾಗ, ಆಗ ಅಲ್ಲಿದ್ದವರು ಯಾರು ಎಂಬುದನ್ನು ಇಂದೇ ಬರೆದಿಟ್ಟುಕೊಂಡು, ನಿಮ್ಮ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ. ಪತ್ರ ಉದ್ದವಾಗಿರಬೇಕಿಲ್ಲ, ಲಿಂಗತ್ವದ ಬಗ್ಗೆ ಪಾಠವೂ ಬೇಕಿಲ್ಲ. ಇಂಥ ದಿನ ನನ್ನನ್ನು ಈ ಪದದಿಂದ ಕರೆಯಲಾಯಿತು, ಇದು ನಿಲ್ಲಬೇಕು, ನನ್ನ ಬಗ್ಗೆ ಮಾತಾಡುವಾಗ 'ಅವನು' ಎನ್ನಬೇಕು ಎಂದಿಷ್ಟು ಸಾಕು. ಬೆನ್ನಿಗೆ ಕಾನೂನೂ ಇದೆ. ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆಂದು 2019ರಲ್ಲಿ ಬಂದ ಕಾಯ್ದೆಯು ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿತು, ಪ್ರತಿಯೊಂದು ಸಂಸ್ಥೆಯೂ ದೂರು ಅಧಿಕಾರಿಯೊಬ್ಬರನ್ನು ಗೊತ್ತುಮಾಡಬೇಕೆಂದಿತು, ಮಾತಿನ ನಿಂದನೆಯನ್ನೂ ಶಿಕ್ಷಾರ್ಹವೆಂದಿತು. ನಿಮ್ಮ ಸಂಸ್ಥೆಯಲ್ಲಿ ಆ ಅಧಿಕಾರಿ ಯಾರೆಂದು ಪತ್ರದಲ್ಲಿಯೇ ಕೇಳಿ. ಆ ಪ್ರಶ್ನೆಯೊಂದೇ ಎಷ್ಟೋ ಸಲ ಮೇಲಧಿಕಾರಿಗಳನ್ನು ಎಚ್ಚರಗೊಳಿಸುತ್ತದೆ. ಅದಕ್ಕಿಂತ ಮೊದಲು ಮಾಡಬಹುದಾದ ಇನ್ನೊಂದು ಕೆಲಸವಿದೆ. ಪರದೆಯೊಳಗೆ ಮುಖ ಹುದುಗಿಸುವವರಲ್ಲಿ ನಿಜವಾಗಿ ನಾಚಿಕೆಪಟ್ಟು ತಲೆ ತಗ್ಗಿಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಒಬ್ಬರೇ ಇರುವಾಗ ಕಂಡು, ಮುಂದಿನ ಬಾರಿ ಆತ ಹಾಗೆಂದರೆ 'ಅದು ಅಲ್ಲ, ಅವನು' ಎಂದು ನೀವು ಹೇಳುತ್ತೀರಾ ಎಂದು ಕೇಳಿ. ತಿದ್ದುವ ಭಾರವನ್ನೂ ನೋಯುವವನೇ ಹೊರಬೇಕೆಂಬ ನಿಯಮವೇನೂ ಇಲ್ಲ.

'ಅವರು' ಎಂಬುದರ ಬಗ್ಗೆ ನಿಮ್ಮ ಕಿವಿ ಬಹಳ ಸೂಕ್ಷ್ಮವಾಗಿದೆ. ಗಂಡು ಹೆಣ್ಣು ಎರಡೂ ಅಲ್ಲವೆಂದು ತಮ್ಮನ್ನು ಕಂಡುಕೊಂಡ ಅನೇಕರು ಈ ಪದವನ್ನೇ ಬಯಸುತ್ತಾರೆ, ಅವರಿಗೆ ಅದು ಮನೆಯಂತೆ. ಹಿರಿಯರಿಗೂ ಅಪರಿಚಿತರಿಗೂ ಅದು ಗೌರವ. ನಿಮಗೆ ಮಾತ್ರ ಅದು ಬೇಲಿಯಾಗಿ ಕಾಣುತ್ತಿದೆ, ಏಕೆಂದರೆ ನಿಮ್ಮ ಓರಗೆಯವರಿಗೆ ಸಲೀಸಾಗಿ ಸಿಗುವ 'ಅವನು' ಎಂಬ ಸಲಿಗೆಯನ್ನು ಅದು ನಿಮಗೆ ತಪ್ಪಿಸುತ್ತಿದೆ. ಆದರೂ ಹಾಗೆನ್ನುವವರಲ್ಲಿ ಹೆಚ್ಚಿನವರು ತಪ್ಪಾದೀತೆಂಬ ಅಂಜಿಕೆಯಿಂದ ಬಹುವಚನದ ಹಿಂದೆ ನಿಂತಿದ್ದಾರೆಂದೇ ನನ್ನ ಊಹೆ. ನಿಮಗೆ ಯಾವುದು ಇಷ್ಟವೆಂದು ಅವರಿಗೆ ಎಂದಾದರೂ ಹೇಳಿದ್ದೀರಾ? ಪತ್ರದಲ್ಲಿ ಅಂಥ ಮಾತು ಕಾಣಲಿಲ್ಲ. ಹೇಳಿನೋಡಿ. ಹೇಳಿದ ಮೇಲೂ ಅವರು ತಪ್ಪುತ್ತಾರೆ, ತಪ್ಪಿದಾಗ ಐದು ನಿಮಿಷ ಕ್ಷಮೆ ಕೇಳಿ ನಿಮ್ಮನ್ನೇ ಸಮಾಧಾನ ಹೇಳುವ ಸ್ಥಿತಿಗೆ ತರುತ್ತಾರೆ. ಆಗ 'ಸರಿ, ಮುಂದೆ ಹೇಳಿ' ಎಂದು ಮಾತನ್ನು ಕೆಲಸದ ಕಡೆಗೆ ತಿರುಗಿಸಿಬಿಡಿ. ನಾನೂ ಹಿಂದೊಮ್ಮೆ ಇಂಥದೇ ಪತ್ರಕ್ಕೆ ಉತ್ತರ ಬರೆಯುವಾಗ 'ಬರೆದಿದ್ದಾಳೆ' ಎಂದು ಟೈಪಿಸಿ ಅಳಿಸಿದ್ದೇನೆ. ಬರೆಯುವವರಿಗೆ ಅಳಿಸುವ ಸೌಕರ್ಯವಿದೆ, ಮಾತಾಡುವವರಿಗೆ ಇಲ್ಲ.

ಅಪ್ಪನ ಬಗ್ಗೆ ಹೆಚ್ಚು ಹೇಳಲಾರೆ. ಇಪ್ಪತ್ತೈದು ವರ್ಷ ಹೇಳಿದ ಪದವನ್ನು ಅವರು ಬಿಡಲಾರದೆ ಹೇಳುತ್ತಿದ್ದಾರೋ ಬಿಡಬಾರದೆಂದು ಹೇಳುತ್ತಿದ್ದಾರೋ ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ತಪ್ಪಿದಾಗ ಒಂದು ಕ್ಷಣವಾದರೂ ತಡವರಿಸುತ್ತಾರೆಯೇ ಎಂದು ನೋಡಿ. ತಡವರಿಸಿದರೆ ಕಾಯಬಹುದು. ತಡವರಿಸದಿದ್ದರೆ ಸದ್ಯಕ್ಕೆ ಅವರೊಂದಿಗೆ ವಾದ ಬೇಡ, ಆ ಶಕ್ತಿ ಬೇರೆ ಕಡೆ ಬೇಕಾಗಿದೆ.

ಬೇಕಾಗಿರುವುದು ಅಮ್ಮನ ಕಡೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಆ ಒಂದೇ ವಾಕ್ಯ. ನೀವು ಅದನ್ನು ನಿಮ್ಮನ್ನು ಇಲ್ಲವಾಗಿಸುವ ಮಾತೆಂದು ಓದಿದ್ದೀರಿ. ನಾನು ಎರಡು ಮೂರು ಸಲ ಬೇರೆ ರೀತಿಯಲ್ಲಿ ಓದಿದೆ. ಕನ್ನಡದಲ್ಲಿ 'ಬಂದ' ಎಂದರೆ ಗಂಡು, 'ಬಂದಳು' ಎಂದರೆ ಹೆಣ್ಣು, ಆದರೆ 'ಬಂದಿಲ್ಲ' ಎಂದರೆ ಯಾರೂ ಆಗಬಹುದು. ಬಾರನು, ಬಾರಳು ಎಂಬ ಹಳೆಯ ರೂಪಗಳು ಆಡುಮಾತಿನಿಂದ ಮರೆಯಾದ ಮೇಲೆ ನಮ್ಮ ನಿಷೇಧದ ಮಾತಿಗೆ ಲಿಂಗವೇ ಉಳಿದಿಲ್ಲ. ಹಾಗೆಯೇ ಬರಬೇಕು, ಬರಬಹುದು, ಬರಲಿ ಎಂಬುವಕ್ಕೂ ಲಿಂಗವಿಲ್ಲ, 'ಬಂದ ಮೇಲೆ' ಎಂಬುದಕ್ಕೂ ಇಲ್ಲ. ದಿನವಿಡೀ ಇಂಥ ವಾಕ್ಯಗಳಲ್ಲೇ ಮಾತಾಡುವುದು ಸುಲಭವಲ್ಲ, ಬೇಕಾದರೆ ನೀವೇ ಒಂದು ಗಂಟೆ ಪ್ರಯತ್ನಿಸಿ. ವ್ಯಾಕರಣವನ್ನು ಕಲಿತಿದ್ದಾರೋ ಇಲ್ಲವೋ, ನಿಮ್ಮ ಅಮ್ಮ ಬಾಯಿ ತೆರೆಯುವ ಮೊದಲು ಪ್ರತಿ ಸಲವೂ ಪದಗಳನ್ನು ಸೋಸುತ್ತಿದ್ದಾರೆ. 'ಅವಳು' ಎಂದು ನಿಮ್ಮನ್ನು ನೋಯಿಸಲು ಅವರಿಗೆ ಮನಸ್ಸಿಲ್ಲ, 'ಅವನು' ಎನ್ನಲು ಇನ್ನೂ ಧೈರ್ಯವಿಲ್ಲ, ಅಪ್ಪ ಪಕ್ಕದಲ್ಲಿ ಕುಳಿತಿರುವಾಗಂತೂ ಸಾಧ್ಯವೇ ಇಲ್ಲ. ಎರಡರ ನಡುವೆ ಭಾಷೆಯಲ್ಲಿ ಇದ್ದ ಒಂದೇ ಕಿರುದಾರಿಯನ್ನು ಹುಡುಕಿಕೊಂಡು ನಡೆಯುತ್ತಿದ್ದಾರೆ. ನಾನು ತಪ್ಪಾಗಿಯೂ ಓದಿರಬಹುದು, ಅವರು ಮುಜುಗರದಿಂದ ಜಾರಿಕೊಳ್ಳುತ್ತಿರಲೂಬಹುದು. ಪರೀಕ್ಷಿಸುವುದು ಕಷ್ಟವಲ್ಲ. ಅಮ್ಮ 'ಅವಳು' ಎಂಬ ಪದವನ್ನು ನಿಲ್ಲಿಸಿದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ನೀವು ಹೆಸರು ಬದಲಿಸಿದ ಆಸುಪಾಸಿನಲ್ಲೇ ಅದು ನಿಂತಿದ್ದರೆ, ಅಪ್ಪನಂತೆ ಅಮ್ಮನಿಗೂ ಸುಲಭವಾಗಿದ್ದ ಹಳೆಯ ಪದವನ್ನು ಅವರು ನಿಮಗಾಗಿಯೇ ಬಿಟ್ಟಿದ್ದಾರೆ.

ಮನೆ ಬಿಡುವ ಪ್ರಶ್ನೆಗೆ ಇಲ್ಲಿಯೇ ನನ್ನ ಉತ್ತರವಿದೆ: ಈಗಲ್ಲ. ಕೆಲಸವನ್ನೂ ನಿಮ್ಮ ದೂರಿಗೆ ಕಚೇರಿಯವರು ಹೇಗೆ ನಡೆದುಕೊಳ್ಳುತ್ತಾರೆಂದು ನೋಡುವವರೆಗೆ ಬಿಡಬೇಡಿ. ಆಮೇಲೂ ನಗು ನಿಲ್ಲದಿದ್ದರೆ ಬೇರೆ ಕೆಲಸ ಹುಡುಕುವುದು ಸೋಲಲ್ಲ. 2018ರಲ್ಲಿ ಜರ್ನಲ್ ಆಫ್ ಅಡಾಲಸೆಂಟ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಮೂರು ನಗರಗಳ 129 ಮಂದಿ ಟ್ರಾನ್ಸ್‌ಜೆಂಡರ್ ಯುವಜನರನ್ನು ಮಾತಾಡಿಸಿತ್ತು. ಮನೆ, ಶಾಲೆ, ಕೆಲಸ, ಗೆಳೆಯರ ಬಳಗ ಈ ನಾಲ್ಕರಲ್ಲಿ ತಾವೇ ಆರಿಸಿಕೊಂಡ ಹೆಸರಿನಿಂದ ಕರೆಸಿಕೊಳ್ಳುವ ಜಾಗ ಒಂದು ಹೆಚ್ಚಾದರೆ ಆತ್ಮಹತ್ಯೆಯ ಯೋಚನೆ ಶೇಕಡಾ 29ರಷ್ಟು ಕಡಿಮೆಯಿದ್ದದ್ದು ಅಲ್ಲಿ ಕಂಡುಬಂತು. ಅದು ಹೆಸರಿನ ಲೆಕ್ಕ, ಸರ್ವನಾಮದ್ದಲ್ಲ, ಸಣ್ಣ ಗುಂಪಿನದು. ಆದರೂ ನಾಲ್ಕೂ ಜಾಗ ಒಟ್ಟಿಗೆ ಗೆಲ್ಲಬೇಕಾಗಿಲ್ಲ, ಒಂದರ ಜೊತೆಗೆ ಇನ್ನೊಂದು ಸೇರಿದರೂ ಉಸಿರಾಟ ಹಗುರವಾಗುತ್ತದೆ ಎಂಬುದನ್ನು ನಿಮ್ಮಂಥವರಿಂದ ಬಂದ ಪತ್ರಗಳೂ ನನಗೆ ಹೇಳಿವೆ.

ಆ ಇನ್ನೊಂದು ಜಾಗ ಅಮ್ಮನ ಬಳಿ ಸಿಗಬಹುದು. ಅಪ್ಪ ಇಲ್ಲದ ಹೊತ್ತು ನೋಡಿ ಕುಳಿತುಕೊಳ್ಳಿ. ದೂರಬೇಡಿ, 'ನೀನು ನನ್ನ ಹೆಸರೇ ಹೇಳುವುದಿಲ್ಲ' ಎಂದು ಶುರುಮಾಡಬೇಡಿ. 'ನೀನು ಈಗ ಅವಳು ಅನ್ನುವುದಿಲ್ಲ, ನನಗೆ ಗೊತ್ತಾಗಿದೆ' ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಅವರು ಅಳಬಹುದು, ಮಾತು ಮರೆಸಬಹುದು, ಎದ್ದು ಹೋಗಲೂಬಹುದು. ಕುಳಿತೇ ಇದ್ದರೆ ಒಂದು ಸಣ್ಣ ಕೋರಿಕೆಯಿಡಿ. ಹೆಸರು ಬೇಡ, 'ಅವನು' ಎಂಬುದೂ ಸದ್ಯಕ್ಕೆ ಬೇಡ. ಫೋನಿನಲ್ಲಿ ಅವರು ದಿನವೂ 'ಬಂದ ಮೇಲೆ ಹೇಳ್ತೀನಿ' ಎನ್ನುತ್ತಾರಲ್ಲ, ನೀವು ಮನೆಗೆ ಕಾಲಿಟ್ಟ ಒಂದು ಸಂಜೆ ಅದರ ಮೊದಲ ಪದವನ್ನಷ್ಟೇ ಹೇಳಿ ನಿಲ್ಲಿಸಲು ಕೇಳಿ: 'ಬಂದ'.