ಕ್ರೋಶಾದಲ್ಲಿ ಪಾತ್ರೆ ಒರೆಸುವ ಬಟ್ಟೆ ಹೆಣೆಯುವುದು ಹೇಗೆ? ಯಾವ ದಾರ ತಗೊಳ್ಳಬೇಕು?

ದಾರ ಹತ್ತಿಯದೇ ಇರಲಿ. ಚಿಕ್ಕಪೇಟೆಯ ಅಂಗಡಿಯಲ್ಲಿ ಸುಮ್ನೆ ‘ಉಲ್ಲನ್’ ಅಂತ ಕೇಳಿದರೆ ಹೆಚ್ಚಾಗಿ ಅಕ್ರಿಲಿಕ್ ಎಂಬ ಕೃತಕ ದಾರ ಕೊಡುತ್ತಾರೆ. ಅದು ನೀರು ಹೀರುವುದಿಲ್ಲ, ಕಾದ ಬಾಣಲೆಗೆ ತಾಗಿದರೆ ಕರಗುತ್ತದೆ.

‘8 ಪ್ಲೈ ಕಾಟನ್’ (ಮಧ್ಯಮ ದಪ್ಪದ ಹತ್ತಿ ದಾರ) ಅಂತ ಬಿಡಿಸಿ ಕೇಳಿ. ತುದಿಯಲ್ಲಿ ಕೊಕ್ಕೆ ಇರುವ 4 ಮಿ.ಮೀ. ಕ್ರೋಶಾ ಕಡ್ಡಿ ಸಾಕು. 30 ಚೈನ್ (ಒಂದರೊಳಗಿಂದ ಒಂದು ಎಳೆದ ಕುಣಿಕೆಗಳ ಸರ) ಹಾಕಿ, ಕಡ್ಡಿಯಿಂದ ಎರಡನೇ ಚೈನಿನಲ್ಲಿ ಶುರು ಮಾಡಿ, ಸಾಲಿಗೆ 29 ಸಿಂಗಲ್ ಕ್ರೋಶಾ (ಕಡ್ಡಿ ತೂರಿಸಿ ದಾರ ಎಳೆದು, ಮತ್ತೆ ದಾರ ಸುತ್ತಿ ಕಡ್ಡಿಯ ಮೇಲಿನ ಎರಡೂ ಕುಣಿಕೆಗಳಿಂದ ಎಳೆಯುವ ಹೆಣಿಗೆ). ಸಾಲು ಮುಗಿದಾಗ ಒಂದು ಚೈನ್ ಹಾಕಿ ತಿರುಗಿಸಿ. ಚೌಕ ಆಗುವವರೆಗೂ ಇಷ್ಟೇ. ಹೆಚ್ಚುಕಡಿಮೆ ಒಂದು ಗೇಣು ಅಗಲ ಬರುತ್ತದೆ.

ನನ್ನ ಮೊದಲನೆಯದು ಚೌಕ ಆಗಲೇ ಇಲ್ಲ. ಮೇಲೆ ಹೋದ ಹಾಗೆ ಸಮೋಸದಂತೆ ಚೂಪಾಯಿತು! ಸಾಲಿನ ಕೊನೆಯ ಹೆಣಿಗೆ ಬದಿಗೆ ಮಡಚಿಕೊಂಡು ಅಡಗಿರುತ್ತದೆ, ಅದನ್ನೇ ಪ್ರತಿಸಲ ಬಿಡುತ್ತಿದ್ದೆ. ಬೆರಳಲ್ಲಿ ಅಂಚು ಬಿಡಿಸಿ ನೋಡಿ. ಮೊದಲ ಹತ್ತು ಸಾಲಾದರೂ ಎಣಿಸಿ.

ಕೊನೆಗೆ ಮೂಲೆಯಲ್ಲಿ 12 ಚೈನಿನ ಕುಣಿಕೆ ಮಾಡಿ, ನೇತುಹಾಕಲು. ಬೆಂಗಳೂರಿನ ಮಳೆಗಾಲದಲ್ಲಿ ದಪ್ಪ ಹತ್ತಿ ಬೇಗ ಒಣಗುವುದಿಲ್ಲ ಅಲ್ವಾ, ಸಿಂಕ್ ಪಕ್ಕ ಮುದ್ದೆ ಮಾಡಿ ಬಿಟ್ಟರೆ ಮುಗ್ಗಲು ವಾಸನೆ. ಎರಡು ಮೂರು ಹೆಣೆದಿಟ್ಟುಕೊಳ್ಳಿ. ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗಿದರೆ ಗಾಬರಿ ಬೇಡ.