ಸಂಪಾದಕರ ಉತ್ತರ: ಕಲಿಯುವುದೊಂದು, ಬರುವ ರೋಗಿ ಇನ್ನೊಂದು

‘ಫಿಸಿಯೋಥೆರಪಿ ವಿದ್ಯಾರ್ಥಿಗೆ ಎಲ್ಲವೂ ಗೊತ್ತಿರಬೇಕು. ಸಿಲಬಸ್ಸನ್ನು ಮಂಡಿನೋವು, ಸೊಂಟನೋವಿಗೆ ಇಳಿಸಿದರೆ ಅವರು ಬರೀ ಕಸರತ್ತು ಮಾಡಿಸುವವರಾಗುತ್ತಾರೆ’ ಎಂದು ಈ ವಿಷಯ ಕಲಿಸುವ ಓದುಗರೊಬ್ಬರು ಆಕ್ಷೇಪಿಸಿ ಬರೆದಿದ್ದಾರೆ. ರೋಗಿಗಳು ಹೆಚ್ಚಾಗಿ ಹೊತ್ತು ತರುವ ಕಾಯಿಲೆಗಳಿಗೇ ಪಾಠದಲ್ಲಿ ಹೆಚ್ಚು ಹೊತ್ತು ಕೊಡಬೇಕೆಂದು ನಾನು ಬರೆದದ್ದಕ್ಕೆ ಇದು ಅವರ ಉತ್ತರ.

ಹುರುಳಿದೆ, ಮೇಷ್ಟ್ರೇ. ಸೊಂಟನೋವೆಂದು ಬಂದವರಿಗೆ ಕೂರುವ ಜಾಗ ಮರಗಟ್ಟಿ ಮೂತ್ರ ಕಟ್ಟಿದ್ದರೆ, ಬೆನ್ನುಹುರಿಯ ಬುಡದ ನರಗಳು ಒತ್ತಿಹೋಗಿರಬಹುದು; ಆಪರೇಷನ್‌ಗೆ ಗಂಟೆಗಳ ಲೆಕ್ಕ. ಅಪರೂಪವೆಂದು ಅದನ್ನು ಬಿಡುವಂತಿಲ್ಲ. ನನ್ನ ಒಪ್ಪಿಗೆ ಅಲ್ಲಿಗೆ ಮುಗಿಯಿತು.

ಆ ‘ಬರೀ ಕಸರತ್ತು’ ಎಷ್ಟು ಜನಕ್ಕೆ ಬೇಕಾಗುತ್ತದೆ, ನೋಡೋಣ. 2020ರಲ್ಲಿ ಜಗತ್ತಿನಲ್ಲಿ ಸೊಂಟನೋವಿದ್ದವರು ಸುಮಾರು 62 ಕೋಟಿ, ಕೀಲು ಸವೆತದವರು ಹತ್ತಿರಹತ್ತಿರ 60 ಕೋಟಿ. ಪಾಠ ಮಾತ್ರ ಯಂತ್ರಗಳದ್ದು: ನೋವಿಗೆ ಧ್ವನಿತರಂಗ ಹಾಯಿಸುವ ಅಲ್ಟ್ರಾಸೌಂಡ್‌ನ ಮೆಗಾಹರ್ಟ್ಸ್, ವಿದ್ಯುತ್ ಹರಿಸುವ ಐಎಫ್‌ಟಿಯ ಎಲೆಕ್ಟ್ರೋಡ್ ಜೋಡಣೆಯನ್ನು ಹುಡುಗರು ವೈವಾದಲ್ಲಿ ಗಿಣಿಪಾಠ ಒಪ್ಪಿಸುತ್ತಾರೆ. ಯಾವ ಚಿಕಿತ್ಸೆ ಕೊಡಬೇಕೆಂದು ಸಲಹೆ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೋ ಸೊಂಟನೋವಿಗೆ ಅವೆರಡೂ ಬೇಡ, ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಕೊಡುವ ಟೆನ್ಸೂ ಬೇಡ, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ನೂ ಬೇಡ ಎನ್ನುತ್ತದೆ.

ಸವೆದ ಮಂಡಿಯ ಅಜ್ಜಿಯನ್ನೇ ತೆಗೆದುಕೊಳ್ಳಿ. ಕೈಯಿಲ್ಲದ, 43 ಸೆಂ.ಮೀ. ಎತ್ತರದ ಕುರ್ಚಿ. ಕೈಗಳನ್ನು ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತಾರೆಂದು ಎಣಿಸಬೇಕು. 65ರಿಂದ 69ರ ಹೆಂಗಸರಲ್ಲಿ 11ಕ್ಕಿಂತ ಕಡಿಮೆಯಾದರೆ ಬೀಳುವ ಭಯವಿದೆ. ಸೀಟಿನ ಮೇಲೆ ದಿಂಬಿಟ್ಟು ಎತ್ತರಿಸಿ ಶುರು ಮಾಡಿಸಿ: ಎಂಟು-ಹತ್ತು ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಸಲೀಸಾದೊಡನೆ ದಿಂಬು ತೆಗೆಯಿರಿ. ಮುಂದೆ ಕೂರುವುದನ್ನು ಮೂರು ಎಣಿಕೆಗೆ ನಿಧಾನಿಸಿ, ಆಮೇಲೆ ಕೈಗೆ ತೂಕ ಕೊಡಿ. ನೋವು ತುಸು ಏರಿ ಮರುದಿನ ಬೆಳಗ್ಗೆ ಇಳಿದಿದ್ದರೆ ಹೆದರಬೇಕಿಲ್ಲ. ಎಡವಟ್ಟಾಗುವುದು ಎಲ್ಲಿ ಗೊತ್ತೇ? ಮೊದಲ ದಿನದ ‘ಕಾಲು ನೇರ ಎತ್ತಿ, ಹತ್ತು ಸಲ’ ಆರನೇ ವಾರವೂ ಅದೇ ಆಗಿರುತ್ತದೆ. ಭಾರ ಏರದಿದ್ದರೆ ಸ್ನಾಯು ಯಾಕೆ ಬಲಿಯಬೇಕು? ಅಜ್ಜಿ ಬರುವುದು ಬಿಡುತ್ತಾರೆ. ಕೇಸ್‌ಶೀಟಿನಲ್ಲಿ ‘ರೋಗಿ ಸಹಕರಿಸಲಿಲ್ಲ’.

ಲಕ್ವ ಹೊಡೆದವರ ಪಾಡು ಇನ್ನೂ ಕೆಟ್ಟದ್ದು. ಬಿಗಿದ ಭುಜಕ್ಕೆಂದು ಗೋಡೆಗೆ ರಾಟೆ ತೂಗಿಸಿರುತ್ತಾರಲ್ಲ, ಖಾಲಿ ಇದೆಯೆಂದು ಇವರ ಕೈಯನ್ನೂ ಅದಕ್ಕೆ ಸಿಕ್ಕಿಸುವುದು. ಬಲವಿಲ್ಲದ ಭುಜದಲ್ಲಿ ಹೆಗಲಿನ ಮೂಳೆ ತೋಳಿನ ಜೊತೆ ತಿರುಗುವುದಿಲ್ಲ. ರಾಟೆ ಎಳೆದಂತೆ ಅವೆರಡರ ನಡುವಿನ ಸ್ನಾಯುರಜ್ಜು ಜಜ್ಜಿಹೋಗುತ್ತದೆ, ಹೊಸ ನೋವು ಹುಟ್ಟುತ್ತದೆ.

ಅಂಕ ಹಾಕಲು ಸುಲಭವಾದದ್ದನ್ನೇ ಕಲಿಸುವ ಚಾಳಿ ನಿಮ್ಮ ವಿಭಾಗಕ್ಕಷ್ಟೇ ಅಂಟಿದ್ದಲ್ಲ, ಎಲ್ಲ ವಿದ್ಯೆಗೂ ಹಿಡಿದ ಗೆದ್ದಲು. ಯಂತ್ರದ ಗುಂಡಿಯ ಬಗ್ಗೆ ಪ್ರಶ್ನೆ ಕೇಳಬಹುದು. ಹೆರಿಗೆಯಾದ ಮೇಲೆ ಮೂತ್ರ ಸೋರುವ ಹೆಂಗಸಿನ ಸಂಕೋಚ ಬಿಡಿಸಿ ಮಾತಾಡಿಸುವುದಕ್ಕೆ ಯಾವ ಪರೀಕ್ಷಕರು ಅಂಕ ಕೊಡುತ್ತಾರೆ? ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿಡುವ ಶ್ರೋಣಿತಳದ ಸ್ನಾಯುವನ್ನು ಎಂಟು ಸಲ ಬಿಗಿಹಿಡಿದು ಬಿಡುವುದು, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು: ಆಕೆಗೆ ಮೊದಲು ಬೇಕಾದದ್ದು ಇಷ್ಟೇ. ಯಂತ್ರದ ಅಗತ್ಯವಿಲ್ಲ ನೋಡಿ, ಅದಕ್ಕೇ ಪಾಠ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ನಿಮ್ಮ ವಿಭಾಗದ ಹೊರರೋಗಿ ರಿಜಿಸ್ಟರ್ ಮೂರು ತಿಂಗಳದ್ದು ತೆಗೆದು ಕಾಯಿಲೆವಾರು ಎಣಿಸಿ, ಪಕ್ಕದಲ್ಲಿ ಟೈಮ್‌ಟೇಬಲ್ ಅದಕ್ಕೆ ಕೊಟ್ಟ ಗಂಟೆಗಳನ್ನು ಬರೆದು ಕಳಿಸಿ. ಪತ್ರಕ್ಕಿಂತ ಮೊದಲು ಅದನ್ನೇ ಅಚ್ಚು ಹಾಕುತ್ತೇನೆ.