"ಆ ಹುದ್ದೆನೇ ಹಂಗೆ ಮೇಡಂ"

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇತ್ತೀಚೆಗೆ ಆಪ್ತಸಮಾಲೋಚಕಿಯಾದ ನನ್ನೆದುರು ಕೂತು ಇದೇ ಮಾತು ಹೇಳಿದವರಲ್ಲಿ ಇವರು ಮೂರನೆಯವರು. ಅದಕ್ಕೇ ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸಿನವರು. ಬಡ್ತಿ ಸಿಕ್ಕಿ ಹನ್ನೆರಡು ಜನರ ಮೇಲ್ವಿಚಾರಕರಾಗಿದ್ದರು. ಮೊದಲು ದನಿ ಏರಿಸಿದವರೇ ಅಲ್ಲವಂತೆ. ಈಗ ಅವರ ಬೈಕಿನ ಸದ್ದು ಕೇಳಿದರೆ ಮನೆಯಲ್ಲಿ ಮಕ್ಕಳು ಟಿವಿ ಆರಿಸುತ್ತಾರೆ. ಹೆಂಡತಿಯ ಒತ್ತಾಯಕ್ಕೆ ಬಂದಿದ್ದರು.

"ಆ ಹುದ್ದೆನೇ ಹಂಗೆ ಮೇಡಂ. ಯಾರನ್ನ ಕೂರಿಸಿದ್ರೂ ಹಂಗೇ ಆಗ್ತಾರೆ. ಜೈಲಿನ ಪ್ರಯೋಗ ಓದಿದೀನಿ, ವಿಜ್ಞಾನವೇ ಹೇಳಿದೆ."

ಅದು 1971ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ನಡೆಸಿದ ಪ್ರಯೋಗ. 24 ಯುವಕರನ್ನು ಆರಿಸಿ, ನಾಣ್ಯ ಚಿಮ್ಮಿ, ಕೆಲವರನ್ನು ಕಾವಲುಗಾರರು, ಉಳಿದವರನ್ನು ಕೈದಿಗಳು ಮಾಡಿದರು. ಕಾವಲುಗಾರರ ಕಾಟ ಮಿತಿ ಮೀರಿತು. ಎರಡು ವಾರ ನಡೆಯಬೇಕಿದ್ದದ್ದು ಆರೇ ದಿನಕ್ಕೆ ನಿಂತಿತು. ಇಷ್ಟು ಎಲ್ಲರಿಗೂ ಗೊತ್ತು. ಕಾವಲುಗಾರರಿಗೆ ಮೊದಲೇ ಏನು ಹೇಳಿಕೊಟ್ಟಿದ್ದರು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಕೈದಿಗಳಿಗೆ ತಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಿಸಬೇಕು ಎಂದು ಜಿಂಬಾರ್ಡೊ ಅವರೇ ಹೇಳಿದ್ದರು. ಹಿಂಜರಿದ ಒಬ್ಬ ಕಾವಲುಗಾರನಿಗೆ, ವಾರ್ಡನ್ ಪಾತ್ರದಲ್ಲಿದ್ದ ಅವರ ಸಹಾಯಕ, ನೀನು ಇನ್ನೂ ಗಟ್ಟಿಯಾಗಬೇಕು ಎಂದು ಒತ್ತಾಯಿಸಿದ್ದು ಧ್ವನಿಮುದ್ರಣದಲ್ಲೇ ಇದೆ. ಅಷ್ಟಾದರೂ ಎಲ್ಲ ಕಾವಲುಗಾರರೂ ಕ್ರೂರಿಗಳಾಗಲಿಲ್ಲ. ಕೆಲವರು ಕೈದಿಗಳಿಗೆ ಚಿಕ್ಕಪುಟ್ಟ ಉಪಕಾರ ಮಾಡುತ್ತಿದ್ದರು. 2001ರಲ್ಲಿ ಬ್ರಿಟನ್ನಿನಲ್ಲಿ ರೀಚರ್ ಮತ್ತು ಹ್ಯಾಸ್ಲಮ್ ಎಂಬ ಮನೋವಿಜ್ಞಾನಿಗಳು ಇಂಥದ್ದೇ ಜೈಲು ಕಟ್ಟಿದಾಗ ಕಾವಲುಗಾರರಿಗೆ ಆ ಪಾತ್ರವೇ ಒಗ್ಗಲಿಲ್ಲ.

ಇದನ್ನೆಲ್ಲ ಅವರಿಗೆ ಆಗಲೇ ಹೇಳಲಿಲ್ಲ. ಹೇಳಿದ್ದರೆ ಅದು ವಾದವಾಗುತ್ತಿತ್ತು.

ಎರಡನೇ ಭೇಟಿಯಲ್ಲಿ ಒಂದು ಘಟನೆ ಹೇಳಿದರು. ಹೊಸದಾಗಿ ಸೇರಿದ ಹುಡುಗನೊಬ್ಬ ವರದಿ ತಡ ಮಾಡಿದ್ದ. ಅವನನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದರು. ಹೇಳುವಾಗ ನನ್ನ ಮೇಜಿನ ಮೇಲೆ ಪೆನ್ನು ಕುಟ್ಟುತ್ತಿದ್ದರು, ಟಕ್ ಟಕ್ ಅಂತ. ಹುಡುಗನೆದುರೂ ಹೀಗೇ ಕುಟ್ಟಿದ್ದಿರಬೇಕು.

"ಮೇಲಿನವರು ನಿಮಗೆ ಏನು ಹೇಳಿದ್ರು?"

"ಐದು ಗಂಟೆಯೊಳಗೆ ವರದಿ ಬೇಕು ಅಂದ್ರು."

"ಬೈಯಿರಿ ಅಂದ್ರಾ?"

"ಇಲ್ಲ."

"ಎಲ್ಲರೆದುರು ನಿಲ್ಲಿಸಿ ಅಂದ್ರಾ?"

ಪೆನ್ನು ನಿಂತಿತು. ತುಂಬಾ ಹೊತ್ತು ಸುಮ್ನಿದ್ದರು. ಆಮೇಲೆ ತಲೆ ಎತ್ತದೆ ಹೇಳಿದರು. "ಅದು ನಾನು ಸೇರಿಸಿದ್ದು."

ನಾನು ಕೊಟ್ಟ ಸಲಹೆ ಈ ಮಾತಿನಿಂದಲೇ ಹುಟ್ಟಿದ್ದು. ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಸಿಟ್ಟು ಬಂದ ದಿನ, ಎಡಕ್ಕೆ ಕೆಲಸ ಕೇಳಿದ್ದು ಏನು ಅಂತ ಬರೆಯಿರಿ, ಬಲಕ್ಕೆ ನೀವು ಸೇರಿಸಿದ್ದು. ಜೊತೆಗೆ, ನಿಮ್ಮ ಕೈಕೆಳಗಿಲ್ಲದ ಒಬ್ಬರಿಗೆ ವಾರಕ್ಕೊಮ್ಮೆ ಆ ಹಾಳೆ ತೋರಿಸಿ. ಸ್ಟ್ಯಾನ್‌ಫರ್ಡ್‌ನಲ್ಲಿ ಜಿಂಬಾರ್ಡೊ ತಾವೇ ಜೈಲಿನ ಮುಖ್ಯಸ್ಥರಾಗಿ ಕೂತಿದ್ದರು. ತಮ್ಮೆದುರು ನಡೆಯುತ್ತಿದ್ದದ್ದು ಅವರ ಕಣ್ಣಿಗೇ ಬೀಳಲಿಲ್ಲ. ಹೊರಗಿನಿಂದ ಬಂದ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಇದು ತಪ್ಪು ಎಂದು ಹೇಳಬೇಕಾಯಿತು. ಹಾಗೆ ಹೇಳುವವರೊಬ್ಬರು ಇವರಿಗೂ ಬೇಕು ಅನ್ನಿಸಿತು. ಅವರು ಅಕ್ಕನನ್ನು ಆರಿಸಿಕೊಂಡರು. ಮೂರನೆಯ ಸಲಹೆ, ಆ ಹುಡುಗನ ಕ್ಷಮೆ ಕೇಳುವುದು. ಅದರಲ್ಲಿ ಹುದ್ದೆಯ ಮಾತು ಬರಬಾರದು.

ಇದು ಜಾಸ್ತಿಯಾಯಿತು ಎಂದು ಜೊತೆಗಾರರೊಬ್ಬರು ನನಗೆ ಹೇಳಿದರು. ಮೇಲಿನಿಂದ ಬರುವ ಒತ್ತಡವೂ ನಿಜ ಅಲ್ವಾ, ಎಲ್ಲ ಭಾರವನ್ನೂ ಅವರ ಮೇಲೇ ಹೊರಿಸಿದಿರಿ ಎಂದರು. ಒತ್ತಡ ನಿಜ. ಅದಕ್ಕೇ ಎಡಗಡೆಯ ಸಾಲು ಇಟ್ಟಿದ್ದೇನೆ. ನಿಜವಾಗಿಯೂ ಮೇಲಿನಿಂದ ಬಂದದ್ದು ಅಲ್ಲಿ ಕಾಣಲಿ, ಅದನ್ನು ಮೇಲಿನವರ ಜೊತೆಯೇ ಮಾತಾಡಲಿ. ಆದರೆ "ನನ್ನ ಕೈಯಲ್ಲಿ ಏನೂ ಇಲ್ಲ" ಅನ್ನುವ ಮಾತಿಗೆ ನಾನು ತಲೆಯಾಡಿಸಿದರೆ, ಮಾರನೇ ದಿನ ಆ ಹುಡುಗ ಮತ್ತೆ ನಿಂತಿರುತ್ತಾನೆ. ನನ್ನ ಕೋಣೆಗೆ ಬಾರದ ಅವನೂ ನನ್ನ ಲೆಕ್ಕದಲ್ಲಿದ್ದಾನೆ.

ಮೂರನೇ ಭೇಟಿಗೆ ಹಾಳೆ ತಂದಿದ್ದರು. ಎಡಕ್ಕೆ ಒಂದೇ ಸಾಲು. ಬಲಕ್ಕೆ ಏಳು. ಕೊನೆಯದನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದರು: "ಅವನು ಅಳುವುದು ಕಂಡಿತು. ನಿಲ್ಲಿಸಲಿಲ್ಲ."

ಕ್ಷಮೆ ಇನ್ನೂ ಕೇಳಿಲ್ಲ. ಮುಂದಿನ ಗುರುವಾರ ಮತ್ತೆ ಬರುತ್ತಾರೆ.